ಹಳೆಯ ಉಶಾಕ್ ರತ್ನಗಂಬಳಿ: ಯಾವುದು ದೋಷ, ಯಾವುದು ಅಲ್ಲ

ಟರ್ಕಿಯ ಪಶ್ಚಿಮ ಭಾಗದಲ್ಲಿರುವ ಉಶಾಕ್ ಪದಕದ, ಅಂದರೆ ದೊಡ್ಡ ದುಂಡು ಚಿತ್ತಾರದ, ಕಾರ್ಪೆಟ್‌ಗಳಿಗೆ ಹೆಸರಾದ ಊರು. ಕೆಂಪು ನೆಲ, ನಡುವೆ ಕಡು ನೀಲಿಯ ದೊಡ್ಡ ಪದಕ, ಎರಡೂ ಪಕ್ಕದಲ್ಲಿ ಅರ್ಧರ್ಧ ಪದಕಗಳು. 15ನೇ ಶತಮಾನದ ಕೊನೆಯ ಹೊತ್ತಿಗೆ ಶುರುವಾದ ಈ ವಿನ್ಯಾಸದ ತೀರಾ ಹಳೆಯ ತುಣುಕುಗಳು ಈಗ ಹೆಚ್ಚಾಗಿ ಮ್ಯೂಸಿಯಂಗಳಲ್ಲಿವೆ. ಮನೆಗಳಿಗೆ ಬರುವುದು 19ನೇ ಶತಮಾನದ ಎರಡನೇ ಅರ್ಧದವು ಅಥವಾ 20ನೇ ಶತಮಾನದ ಆರಂಭದವು. ಇಜ್ಮಿರ್ ಬಂದರಿನಿಂದ ಯುರೋಪು, ಅಮೆರಿಕಕ್ಕೆ ರಾಶಿ ರಾಶಿ ಹೋದ ಕಾಲದವು. ನೀವು ಲಂಡನ್ನಿನ ಹರಾಜಿನಲ್ಲಿ ಕೊಂಡಿರಬಹುದು, ಇಸ್ತಾಂಬುಲ್‌ನಿಂದ ಬೆಂಗಳೂರಿಗೆ ತಂದಿರಬಹುದು. ಪರೀಕ್ಷೆ ಒಂದೇ.

ಹಳೆಯ ಕಾರ್ಪೆಟ್‌ನಲ್ಲಿ ದೋಷ ಅಂತ ಕಾಣುವುದರಲ್ಲಿ ಎಷ್ಟೋ ಸಂಗತಿ ನೇಯ್ಗೆಯದ್ದು ಅಥವಾ ಬಣ್ಣದ್ದು, ಹಾಳಾದದ್ದಲ್ಲ. ನಿಜವಾಗಿ ಹಾಳಾಗಿರುವುದು ಮುಂಭಾಗದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಮಗುಚಿ ಹಾಕಿ, ಹಿಂಭಾಗದಿಂದ ಶುರು ಮಾಡಿ. ಕಾರಣ ಗೊತ್ತಾಗುವ ತನಕ ತೊಳೆಯುವುದು, ಉಜ್ಜುವುದು, ಹೊಲಿಯುವುದು ಯಾವುದೂ ಬೇಡ.

ಮೊದಲು ಸರಿಯಾಗಿರುವುದು ಹೇಗಿರುತ್ತದೆ ಅಂತ ನೋಡಿ

ಹಗಲು ಬೆಳಕಿನಲ್ಲಿ ಹಿಂಭಾಗ ಮೇಲೆ ಬರುವ ಹಾಗೆ ಹಾಸಿ. ಒಂದು ಭೂತಗನ್ನಡಿ, ಬಿಳಿ ಹತ್ತಿ ಬಟ್ಟೆ, ಮೊಂಡು ಸೂಜಿ ಸಾಕು. ಸಿಕ್ಕಿದರೆ ಯುವಿ ಟಾರ್ಚ್.

ಉದ್ದಕ್ಕೆ ಹೋಗುವ ಎಳೆ ಹಾಸು. ಅಡ್ಡ ಹೋಗುವುದು ಹೊಕ್ಕು. ಹಾಸಿನ ಎರಡೆರಡು ಎಳೆಗೆ ಸುತ್ತಿ, ಎರಡೂ ತುದಿಯನ್ನು ನಡುವಿನಿಂದ ಎಳೆದು ಕತ್ತರಿಸಿದ ಉಣ್ಣೆಯೇ ಗಂಟು. ಹಾಗೆ ಮೇಲೆ ನಿಂತ ಉಣ್ಣೆಗೆ ವ್ಯಾಪಾರದವರು ಪೈಲ್ ಅನ್ನುತ್ತಾರೆ. ಈ ಗಂಟಿಗೆ ಉಶಾಕ್‌ನಿಂದ ಅಷ್ಟೇನೂ ದೂರವಿಲ್ಲದ ಗೋರ್ದೆಸ್ ಪಟ್ಟಣದ ಹೆಸರೇ ಇದೆ.

ಹಳೆಯ ಉಶಾಕ್‌ನಲ್ಲಿ ಹಾಸೂ ಉಣ್ಣೆ, ಹೊಕ್ಕೂ ಉಣ್ಣೆ. ಹಾಸಿನ ಎಳೆಗೆ ಸಾಮಾನ್ಯವಾಗಿ ಬಣ್ಣ ಹಾಕಿರುವುದಿಲ್ಲ, ಕೆನೆಬಣ್ಣಕ್ಕಿರುತ್ತದೆ. ಹೊಕ್ಕಿಗೆ ಕೆಂಪು ಹಾಕಿರುತ್ತಾರೆ. ಈ ಎರಡು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಗಂಟು ದಪ್ಪ. 19ನೇ ಶತಮಾನದವುಗಳಲ್ಲಿ ಚದರ ಸೆಂಟಿಮೀಟರಿಗೆ ಹತ್ತರೊಳಗೆ ಇರುವುದೇ ಸಾಮಾನ್ಯ. ಟರ್ಕಿಯ ಇನ್ನೊಂದು ಊರಾದ ಹೆರೆಕೆಯ ರೇಷ್ಮೆ ಕಾರ್ಪೆಟ್‌ನಲ್ಲಿ ಅಷ್ಟೇ ಜಾಗಕ್ಕೆ ನೂರು ಗಂಟು ಇರುತ್ತದೆ. ಅದನ್ನು ನೋಡಿ ಬಂದವರಿಗೆ ಉಶಾಕ್ ಒರಟಾಗಿ ಕಾಣುತ್ತದೆ. ಅದು ದೋಷವಲ್ಲ. ದೊಡ್ಡ ಚಿತ್ತಾರಕ್ಕೆ ದಪ್ಪ ಗಂಟೇ ಸಾಕು.

ಕುಚ್ಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಹಾಸು ಹತ್ತಿಯದ್ದಾದರೆ ಹಳೆಯ ಉಶಾಕ್ ಅನ್ನುವ ಮಾತನ್ನು ಸುಮ್ನೆ ಒಪ್ಪಬೇಡಿ. ಆ ಹೆಸರಿಟ್ಟು, ಹಳೆಯದರ ಹಾಗೆ ಕಾಣಲು ರಾಸಾಯನಿಕದಲ್ಲಿ ತೊಳೆದು ಮಾರುವ ಹೊಸ ಕಾರ್ಪೆಟ್‌ಗಳು ನಮ್ಮ ದೇಶದಲ್ಲೂ ತಯಾರಾಗುತ್ತವೆ. ಆದರೆ ಎಳೆ ಕೀಳುವ ಮೊದಲು ಆ ಕುಚ್ಚು ಮೂಲದ್ದೇ ಅಂತ ನೋಡಿ. ಆಮೇಲೆ ಹೊಲಿದು ಸೇರಿಸಿದ ಹತ್ತಿ ಕುಚ್ಚು ಸುಟ್ಟು ತೀರ್ಮಾನಕ್ಕೆ ಬಂದರೆ ಏನು ಪ್ರಯೋಜನ?

ಕಪ್ಪು, ಕಂದು ಗೆರೆಗಳು ಮಾತ್ರ ಹಳ್ಳ ಬಿದ್ದಿವೆ

ಹೂವಿನ ಸುತ್ತಲಿನ ಗೆರೆ, ಬಳ್ಳಿಯ ಅಂಚು ಹೀಗೆ ಕಡು ಬಣ್ಣವಿರುವ ಕಡೆಯಷ್ಟೇ ಪೈಲ್ ಇಲ್ಲ. ಪಕ್ಕದ ಕೆಂಪು, ನೀಲಿ ಚೆನ್ನಾಗಿ ನಿಂತಿದೆ. ಬೆರಳಾಡಿಸಿದರೆ ಚಿತ್ತಾರ ಉಬ್ಬು ಕೆತ್ತನೆಯಂತೆ ಸಿಗುತ್ತದೆ.

ಇದು ತುಳಿದು ಸವೆದದ್ದಲ್ಲ. ಓಕ್ ಮರದ ಕಾಯಿ, ಚಿಪ್ಪಿನ ಒಗರನ್ನು ಕಬ್ಬಿಣದೊಂದಿಗೆ ಸೇರಿಸಿ ಆ ಕಪ್ಪು, ಕಂದು ಬಣ್ಣ ಮಾಡುತ್ತಿದ್ದರು. ಕಬ್ಬಿಣ ಉಣ್ಣೆಯೊಳಗೇ ಉಳಿಯುತ್ತದೆ. ಗಾಳಿ, ಬೆಳಕು ಸೇರಿ ದಶಕಗಳ ಕಾಲ ಎಳೆಯನ್ನು ಪುಡಿಯಾಗಿಸುತ್ತವೆ. ಹಿಂಭಾಗ ನೋಡಿ, ಅದೇ ಗೆರೆಯ ಗಂಟು ಅಲ್ಲಿ ಭದ್ರವಾಗಿದ್ದರೆ ಅನುಮಾನವೇ ಬೇಡ.

ಮಾಡಬೇಕಾದದ್ದು ಏನೂ ಇಲ್ಲ. ಹೊಸ ಕಪ್ಪು ಉಣ್ಣೆ ತುಂಬಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಾನಂತೂ ಬೇಡ ಅನ್ನುತ್ತೇನೆ. ಈ ಹಳ್ಳ ವಯಸ್ಸಿನ ಸಾಕ್ಷಿ, ನೋಡಲೂ ಚೆಂದ.

ಮೋಸವೂ ಇದೆ. ಹಳೆಯದು ಅಂತ ತೋರಿಸಲು ಹೊಸದರ ಕಂದು ಗೆರೆಗಳನ್ನು ಕತ್ತರಿಯಲ್ಲಿ ಕತ್ತರಿಸುವವರಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಕತ್ತರಿ ಹಾಕಿದ್ದು ಒಂದೇ ಮಟ್ಟಕ್ಕೆ, ಚೊಕ್ಕವಾಗಿರುತ್ತದೆ. ತಾನಾಗಿ ಉದುರಿದ್ದು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಪೂರ್ತಿ ಬೋಳು. ಹಾಗಂತ ಕಂದು ಗೆರೆ ಎತ್ತರವಾಗಿದ್ದರೆ ಕಾರ್ಪೆಟ್ ಹೊಸದು ಅಂತಲೂ ಅಲ್ಲ. ಬಣ್ಣ ಹಾಕದ ಕಂದು ಕುರಿಯ ಉಣ್ಣೆಯನ್ನೇ ಬಳಸಿದ್ದರೆ ಅದು ಹೀಗೆ ಉದುರುವುದಿಲ್ಲ.

ಎಲ್ಲ ಬಣ್ಣವೂ ಸೇರಿ ಬೋಳಾದ ಜಾಗ

ಬೋಳು ಚಿತ್ತಾರವನ್ನು ಲೆಕ್ಕಿಸದೆ ಹರಡಿದ್ದರೆ ಎರಡು ಅನುಮಾನ: ಕಾಲು ಅಥವಾ ನುಸಿ.

ಕಾಲಿನ ಸವೆತ ನಿಧಾನವಾಗಿ ಇಳಿಯುತ್ತದೆ. ನಡುವೆ ಹಾಸು ಕಾಣುವಷ್ಟು ಸವೆದು, ಸುತ್ತ ಸ್ವಲ್ಪ ಗಿಡ್ಡ, ಆಮೇಲೆ ಪೂರ್ತಿ ಪೈಲ್. ಬಾಗಿಲ ದಾರಿ, ಕುರ್ಚಿಯ ಮುಂದೆ, ಹೀಗೆ ಅದಕ್ಕೊಂದು ಅರ್ಥವಿರುತ್ತದೆ. ನೇರ ಗೆರೆಯಂತೆ ಸವೆದಿದ್ದರೆ ತುಂಬ ಕಾಲ ಮಡಿಸಿಟ್ಟಿದ್ದರು, ಇಲ್ಲವೇ ಕೆಳಗಿನ ಮರದ ಹಲಗೆ ಏರುಪೇರಾಗಿತ್ತು ಅಂತ ಲೆಕ್ಕ. 16, 17ನೇ ಶತಮಾನದ ಯುರೋಪಿನ ಚಿತ್ರಗಳಲ್ಲಿ ಟರ್ಕಿಯ ಕಾರ್ಪೆಟ್‌ಗಳು ಹೆಚ್ಚಾಗಿ ಕಾಣುವುದು ಮೇಜಿನ ಮೇಲೆ. ಅಂಥ ಹಳೆಯದರಲ್ಲಿ ಮೇಜಿನ ಅಂಚಿಗೆ ಬಾಗಿದ ಕಡೆ ಸವೆದಿದ್ದರೂ ಆಶ್ಚರ್ಯವಿಲ್ಲ.

ನುಸಿಯ ಹಾವಳಿಗೆ ಅಂಚು ಥಟ್ಟನೆ ಇರುತ್ತದೆ. ಸೋಫಾದ ಕೆಳಗೆ, ಮಂಚದ ಕೆಳಗೆ, ಯಾರೂ ತುಳಿಯದ ಕತ್ತಲೆಯಲ್ಲೇ ಜಾಸ್ತಿ. ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ಹುಳ ಬಿಳಿ ನೂಲಿನಂಥ ಬಲೆ ಅಥವಾ ಕೊಳವೆ ಬಿಟ್ಟಿರುತ್ತದೆ. ಜೊತೆಗೆ ಮರಳಿನಂಥ ಹಿಕ್ಕೆ. ಕೆಂಪು ಉಣ್ಣೆ ತಿಂದಿದ್ದರೆ ಹಿಕ್ಕೆಯೂ ಕೆಂಪು, ನೀಲಿ ತಿಂದಿದ್ದರೆ ನೀಲಿ! ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಜಾಸ್ತಿ ಅಪಾಯ ಹಿಂಭಾಗದ್ದು. ಹುಳ ಕೆಳಗಿನಿಂದ ಗಂಟಿನ ಬೆನ್ನನ್ನು ತಿಂದರೆ ಮೇಲೆ ಪೈಲ್ ಹಾಗೇ ನಿಂತಿರುತ್ತದೆ. ಒಂದು ದಿನ ವ್ಯಾಕ್ಯೂಮ್ ಹಾಕಿದಾಗ ಇಡೀ ತುಂಡು ಕಿತ್ತು ಬರುತ್ತದೆ. ಹಾಗಾಗಿ ಪ್ರತಿ ಅಡಿಗೆ ಒಮ್ಮೆ ಹಿಂಭಾಗದಲ್ಲಿ ಬೆರಳಾಡಿಸಿ. ಗಂಟಿನ ಉಬ್ಬು ಸಿಗದೆ ಬರೀ ಹಾಸು, ಹೊಕ್ಕು ಸಿಕ್ಕರೆ ಅಲ್ಲಿ ಗುರುತು ಹಾಕಿ.

ಹುಳ ಈಗಲೂ ಇದೆಯೋ, ಹಳೆಯ ಹಾನಿಯೋ? ಎರಡೂ ಕಡೆ ಕಡಿಮೆ ಎಳೆತದಲ್ಲಿ ವ್ಯಾಕ್ಯೂಮ್ ಮಾಡಿ. ವ್ಯಾಕ್ಯೂಮ್‌ನ ಬಾಯಿಗೆ ಬಲೆ ಬಟ್ಟೆ ಕಟ್ಟಿ, ತಿರುಗುವ ಬ್ರಷ್ ತೆಗೆದಿಡಿ. ಬಿಳಿ ಬೆಡ್‌ಶೀಟ್ ಮೇಲೆ ಹಾಸಿ ಕೆಲವು ವಾರ ಬಿಡಿ. ಹೊಸ ಹಿಕ್ಕೆ ಬಿದ್ದರೆ ಹುಳ ಜೀವಂತವಾಗಿದೆ.

ಚಿಕ್ಕ ತುಂಡಾದರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ, ಒಂದು ದಿನವಾದರೂ, ಪ್ಲಾಸ್ಟಿಕ್ ಬಿಚ್ಚಬೇಡಿ. ಬಿಚ್ಚಿದರೆ ಗಾಳಿಯ ನೀರು ಉಣ್ಣೆಯ ಮೇಲೆ ಕೂರುತ್ತದೆ. ಕೋಣೆಯಗಲದ ಕಾರ್ಪೆಟ್ ಮನೆ ಫ್ರೀಜರ್‌ನಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಕೋಲ್ಡ್ ಸ್ಟೋರೇಜ್ ಇರುವ ಸಂರಕ್ಷಕರೇ ಬೇಕು. ಬೇವಿನ ಎಲೆ, ಲವಂಗದಿಂದ ವಾಸನೆ ಬರುತ್ತದೆ, ಒಳಗಿರುವ ಹುಳ ಸಾಯುವುದಿಲ್ಲ. ತೆರೆದ ಕೋಣೆಯಲ್ಲಿ ಚೆಲ್ಲಿದ ನುಸಿಗುಳಿಗೆಯೂ ಅಷ್ಟೇ. ಅದರ ಹಬೆ ನಿಮಗೂ ಒಳ್ಳೆಯದಲ್ಲ.

ನಮ್ಮ ಕಡೆ ಮಳೆಗಾಲಕ್ಕೆ ಸುತ್ತಿ ಅಟ್ಟಕ್ಕೆ ಹಾಕುವ ಅಭ್ಯಾಸವಿದೆ. ನುಸಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ: ಕತ್ತಲು, ತೇವ, ಯಾರ ಕಾಟವೂ ಇಲ್ಲ. ಹಾಸಿಯೇ ಇಡಿ, ಆಗಾಗ ಮಗುಚಿ. ಸುತ್ತಲೇಬೇಕಾದರೆ ಪೂರ್ತಿ ಒಣಗಿದ ಮೇಲೆ ದಪ್ಪ ಕೊಳವೆಗೆ, ಪೈಲ್ ಹೊರಗೆ ಬರುವಂತೆ, ಪೈಲ್ ಬಾಗಿದ ದಿಕ್ಕಿಗೆ ಸುತ್ತಿ. ಮಡಿಸಬೇಡಿ.

ಸವೆದ ಜಾಗದಲ್ಲೂ ಕೆಂಪು ಕಾಣುತ್ತದೆ, ಬಣ್ಣ ಬಳಿದಿದ್ದಾರಾ?

ಹೌದು, ಬಳಿಯುತ್ತಾರೆ. ಬೋಳಾದ ಕಡೆ ಕೆನೆಬಣ್ಣದ ಹಾಸು ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಶಾಯಿ, ಮಾರ್ಕರ್ ಅಥವಾ ಬಟ್ಟೆಯ ಬಣ್ಣ ಹಚ್ಚುವುದು ವ್ಯಾಪಾರದಲ್ಲಿ ಹಳೆಯ ಚಾಳಿ. ಫೋಟೋದಲ್ಲಿ ಕಾರ್ಪೆಟ್ ತುಂಬಿಕೊಂಡ ಹಾಗೆ ಕಾಣುತ್ತದೆ.

ಆದರೆ ಉಶಾಕ್‌ನಲ್ಲಿ ಇಲ್ಲೇ ಎಡವುವುದು. ಹೊಕ್ಕು ಮೂಲದಲ್ಲೇ ಕೆಂಪು ಅಂದೆನಲ್ಲ, ಪೈಲ್ ಹೋದಾಗ ಅಡ್ಡಡ್ಡ ಕೆಂಪು ಎಳೆ ಕಾಣಲೇಬೇಕು. ಅದನ್ನು ನೋಡಿ ಬಣ್ಣ ಬಳಿದಿದ್ದಾರೆ ಅಂತ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ. ನೋಡಬೇಕಾದದ್ದು ಉದ್ದದ ಎಳೆ. ಸೂಜಿಯಿಂದ ಹಾಸನ್ನು ಸ್ವಲ್ಪ ಸರಿಸಿ. ಮೇಲೆ ಕೆಂಪು, ಕೆಳಮೈ ಕೆನೆಬಣ್ಣ ಇದ್ದರೆ ಬಳಿದದ್ದು. ಪೂರ್ತಿ ಕೆನೆಬಣ್ಣವಾದರೆ ನೀವು ಕಂಡ ಕೆಂಪು ಹೊಕ್ಕಿನದ್ದೇ.

ಇನ್ನೊಂದು ಪರೀಕ್ಷೆ: ಒದ್ದೆ ಬಿಳಿ ಬಟ್ಟೆಯನ್ನು ಬೋಳು ಜಾಗದ ಮೇಲೆ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಬಳಿದ ಬಣ್ಣ ಎಷ್ಟೋ ಸಲ ಬಟ್ಟೆಗೆ ಹತ್ತುತ್ತದೆ. ಹತ್ತದಿದ್ದರೆ ಬಳಿದಿಲ್ಲ ಅಂತ ಅರ್ಥವಲ್ಲ, ನೀರಿಗೆ ಬಿಡದ ಮಾರ್ಕರ್‌ಗಳೂ ಇವೆಯಲ್ಲ. ಯುವಿ ಬೆಳಕಿನಲ್ಲಿ ಬಳಿದ ಜಾಗ, ಆಮೇಲೆ ತುಂಬಿಸಿದ ಉಣ್ಣೆ ಸುತ್ತಲಿನದಕ್ಕಿಂತ ಬೇರೆ ಥರ ಹೊಳೆಯಬಹುದು. ತುಂಬಿಸಿದ ಗಂಟು ಹಿಂಭಾಗದಲ್ಲೂ ಸಿಕ್ಕಿಬೀಳುತ್ತದೆ: ಉಬ್ಬು ಸ್ವಲ್ಪ ದಪ್ಪ, ಸಾಲು ಸ್ವಲ್ಪ ವಕ್ರ. ಮೂಲ ಪೈಲ್ ನೇಯ್ಗೆ ಶುರುವಾದ ತುದಿಯ ಕಡೆಗೆ ಬಾಗಿರುತ್ತದೆ. ತುಂಬಿಸಿದ್ದು ಎಷ್ಟೋ ಸಲ ನೆಟ್ಟಗೆ ನಿಂತಿರುತ್ತದೆ.

ಬಣ್ಣ ಏರುಪೇರು

ಕೆಂಪು ನೆಲದಲ್ಲಿ ಅಡ್ಡಡ್ಡಲಾಗಿ ಒಂದು ಪಟ್ಟಿ ತಿಳಿ, ಒಂದು ಪಟ್ಟಿ ಗಾಢ. ಹಿಂಭಾಗದಲ್ಲೂ ಅದೇ ಪಟ್ಟಿ ಅದೇ ಜಾಗದಲ್ಲಿದ್ದರೆ ಅದು ಅಬ್ರಾಶ್. ಬೇರೆ ಬೇರೆ ಪಾತ್ರೆಯಲ್ಲಿ ಅದ್ದಿದ ಉಣ್ಣೆ ಒಂದು ಸಾಲಿಗೆ ಮುಗಿದು, ಮುಂದಿನ ಸಾಲಿಗೆ ಬೇರೆಯದು ಬಂದಿದೆ, ಅಷ್ಟೇ. ಇಡೀ ಕಾರ್ಪೆಟ್ ಒಂದು ತುದಿಯಿಂದ ಮಾಸಿದ ಹಾಗೆ, ಇನ್ನೊಂದು ತುದಿಯಿಂದ ಗಾಢವಾಗಿ ಕಂಡರೂ ಹೆದರಬೇಡಿ. ಅದು ಪೈಲ್ ಬಾಗಿದ ದಿಕ್ಕಿನ ಆಟ.

ನಿಜವಾಗಿ ಮಾಸಿದ್ದರೆ ಪೈಲ್ ಬಿಡಿಸಿ ನೋಡಿದಾಗ ತುದಿ ಒಂದು ಬಣ್ಣ, ಬುಡ ಇನ್ನೊಂದು ಬಣ್ಣ. ಮುಂದೆ ಬೂದಿ, ಹಿಂದೆ ಎದ್ದು ಕಾಣುವ ನೇರಳೆ ಇದ್ದರೆ ಅದು ಬಹುಶಃ ಫುಕ್ಸಿನ್ ಅನ್ನುವ ಕಾರ್ಖಾನೆ ಬಣ್ಣ. ಕಾರ್ಖಾನೆಯ ಮೊದಲ ಬಣ್ಣ ಮೋವ್ ಬಂದದ್ದು 1856ರಲ್ಲಿ. ಅದರ ಬೆನ್ನಿಗೇ ಬಂದ ಫುಕ್ಸಿನ್ ಕೆಲವು ದಶಕಗಳಲ್ಲಿ ಟರ್ಕಿಯ ಮಗ್ಗಗಳನ್ನೂ ಮುಟ್ಟಿತು. ಬೆಳಕಿಗೆ ಅದು ನಿಲ್ಲುವುದಿಲ್ಲ. ಹೋದ ಬಣ್ಣವನ್ನು ತರಿಸಲಾಗದು, ಆದರೆ ಕಾಲ ಗುರುತಿಸಲು ಒಳ್ಳೆಯ ಸುಳಿವು. ಹಳೆಯ ಕೆಂಪು ಬಂದದ್ದು ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಒಂದು ಗಿಡದ ಬೇರಿನಿಂದ. ಅದು ಶತಮಾನಗಳ ಕಾಲ ನಿಲ್ಲುತ್ತದೆ. ಅದಕ್ಕೇ 1981ರಲ್ಲಿ ಶುರುವಾದ ಡೋಬಾಗ್ ಯೋಜನೆ ಪಶ್ಚಿಮ ಟರ್ಕಿಯ ಹಳ್ಳಿಗಳಲ್ಲಿ ಮತ್ತೆ ಬೇರಿನ ಬಣ್ಣಕ್ಕೆ ಮರಳಿತು.

ಕೆಂಪು ಪಕ್ಕದ ಬಿಳಿಗೆ ಹರಿದು ಗುಲಾಬಿಯಾಗಿದ್ದರೆ ಯಾರೋ ಒದ್ದೆ ಮಾಡಿದ್ದಾರೆ. ಫುಕ್ಸಿನ್ ಕಾಲದ ಅಗ್ಗದ ಕಾರ್ಖಾನೆ ಕೆಂಪುಗಳಲ್ಲಿ ಹರಿಯುವ ಗುಣ ಜಾಸ್ತಿ. ಮತ್ತೆ ಒದ್ದೆ ಮಾಡುವ ಮೊದಲು ಪ್ರತಿ ಬಣ್ಣಕ್ಕೂ ಪರೀಕ್ಷೆ ಬೇಕು. ತಣ್ಣೀರಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೆ ಕೆಲವು ನಿಮಿಷ ಒತ್ತಿಡಿ. ಒಂದೇ ಬಣ್ಣ ಬಟ್ಟೆಗೆ ಹತ್ತಿದರೂ ಮನೆಯಲ್ಲಿ ತೊಳೆಯುವ ಯೋಚನೆ ಬಿಡಿ. ಹತ್ತದಿದ್ದರೂ ಬಟ್ಟೆ ಒಗೆಯುವ ಪುಡಿ, ಸೋಡಾ, ಬ್ಲೀಚ್ ಹತ್ತಿರ ಬರಬಾರದು. ಕ್ಷಾರಕ್ಕೆ ಉಣ್ಣೆ ಬಳಲುತ್ತದೆ, ಬೇರಿನ ಕೆಂಪು ನೇರಳೆಗೆ ತಿರುಗುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನೇ ಕರಗಿಸುತ್ತದೆ.

ನಾಯಿ, ಬೆಕ್ಕಿನ ಮೂತ್ರದ ಕಲೆಯೂ ಹೀಗೇ ಕೆಡಿಸುತ್ತದೆ. ಹಸಿಯಾಗಿದ್ದಾಗ ಒತ್ತಿ ಹೀರಿಸಿ. ಒಣಗಿದ ಮೇಲೆ ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದೂ ಕ್ಷಾರ. ವಾಸನೆ ಬಂದ ಜಾಗವನ್ನು ಹಿಂಭಾಗದಲ್ಲಿ ಮುಟ್ಟಿ ನೋಡಿ. ಗಡುಸಾಗಿದ್ದರೆ ಬುಡದ ಎಳೆಯವರೆಗೂ ಹೋಗಿದೆ.

ಚಿತ್ತಾರ ಅಂಚಿನಲ್ಲಿ ತುಂಡಾಗಿದೆ

ಪಕ್ಕದ ಪದಕ ಅರ್ಧಕ್ಕೆ ನಿಂತಿದೆ, ತುದಿಯಲ್ಲಿ ಇನ್ನೊಂದು ಪದಕದ ಚೂರು ಮಾತ್ರ ಕಾಣುತ್ತಿದೆ. ಯಾರೋ ಕತ್ತರಿಸಿ ಚಿಕ್ಕದು ಮಾಡಿದ್ದಾರೆ ಅಂತ ಅನ್ನಿಸುವುದು ಸಹಜ. ಆದರೆ ಪದಕದ ಉಶಾಕ್‌ನ ವಿನ್ಯಾಸವೇ ಹಾಗೆ. ಪದಕಗಳ ಸಾಲು ಎಲ್ಲ ದಿಕ್ಕಿಗೂ ಮುಗಿಯದೆ ಹೋಗುತ್ತದೆ, ಬಾರ್ಡರ್ ಅದರ ಒಂದು ಭಾಗಕ್ಕೆ ಚೌಕಟ್ಟು ಹಾಕುತ್ತದೆ. ಮೂಲೆಯಲ್ಲಿ ಬಾರ್ಡರ್‌ನ ಬಳ್ಳಿ ಸರಿಯಾಗಿ ತಿರುಗದೆ ಥಟ್ಟನೆ ನಿಂತಿರುವುದೂ ಸಾಮಾನ್ಯ.

ನಿಜವಾದ ಕತ್ತರಿ ಗುರುತನ್ನು ಎಳೆಯಲ್ಲಿ ಹುಡುಕಬೇಕು. ಉದ್ದದ ಅಂಚಿನಲ್ಲಿ ಕೆಂಪು ಹೊಕ್ಕು ಕೊನೆಯ ಹಾಸನ್ನು ಸುತ್ತಿ ವಾಪಸ್ ತಿರುಗಬೇಕು. ತಿರುಗದೆ ಕಡಿದು ನಿಂತು, ಮೇಲೆ ಬೇರೆ ದಾರದಿಂದ ಸುತ್ತಿದ್ದರೆ ಅಲ್ಲಿ ಅಂಚು ಹೋಗಿದೆ. ತುದಿಯಲ್ಲಿ ಗಂಟಿಲ್ಲದ ಚಪ್ಪಟೆ ನೇಯ್ಗೆಯ ಪಟ್ಟಿ ಇದ್ದರೆ ಸಂತೋಷ. ಇಲ್ಲದಿದ್ದರೆ ಬಾರ್ಡರ್ ಎಷ್ಟು ಸಾಲು ಉಳಿದಿದೆ ಅಂತ ಎರಡೂ ತುದಿಯಲ್ಲಿ ಹೋಲಿಸಿ. ದೊಡ್ಡ ಕಾರ್ಪೆಟ್‌ನ ನಡುವಿನ ಭಾಗ ತೆಗೆದು ಜೋಡಿಸಿದವೂ ಇವೆ. ಹಿಂಭಾಗದಲ್ಲಿ ಅಡ್ಡ ಹೊಲಿಗೆ, ಅದರ ಎರಡು ಕಡೆ ಚಿತ್ತಾರ ಸ್ವಲ್ಪ ಜಿಗಿದ ಹಾಗೆ ಕಂಡರೆ ಅದೇ.

ಹಿಂಭಾಗದಲ್ಲಿ ಓರೆಯಾಗಿ ಹೋಗುವ ಸಣ್ಣ ಗೆರೆಗಳನ್ನು ಮಾತ್ರ ಹರಿದದ್ದು ಅಂದುಕೊಳ್ಳಬೇಡಿ. ಅಗಲವಾದ ಮಗ್ಗದಲ್ಲಿ ಹೊಕ್ಕನ್ನು ಆ ತುದಿಯವರೆಗೂ ಒಯ್ಯದೆ ನಡುವೆಯೇ ತಿರುಗಿಸಿದಾಗ ಈ ಗೆರೆ ಬೀಳುತ್ತದೆ. ಹಳೆಯ ಉಶಾಕ್‌ನಲ್ಲಿ ಇದು ಇದ್ದದ್ದೇ.

ಬುಡವೇ ಕೊಳೆತಿದೆಯಾ?

ಇದೊಂದು ಇದ್ದರೆ ಉಳಿದ ದೋಷಗಳ ಲೆಕ್ಕವೇ ಬೇರೆ. ಒಂದು ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ, ಸ್ವಲ್ಪವೇ ಬಾಗಿಸಿ, ಕಿವಿ ಹತ್ತಿರ ಇಡಿ. ಹಪ್ಪಳ ಮುರಿದ ಹಾಗೆ ಚಟಚಟ ಅಂದರೆ ತಕ್ಷಣ ನಿಲ್ಲಿಸಿ. ಹಾಸು, ಹೊಕ್ಕು ಒಣಗಿ ತುಂಡಾಗುತ್ತಿದೆ. ಹೂಕುಂಡ ಇಟ್ಟ ಗುಂಡನೆಯ ಕಲೆ, ಸೋರಿದ ಗೋಡೆಯ ಪಕ್ಕ, ಬೂಷ್ಟಿನ ವಾಸನೆ ಇರುವ ಕಡೆ ಇದು ಮೊದಲು. ಗಾಳಿಯ ತೇವ ಶೇಕಡಾ 65–70 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ. ಮಂಗಳೂರು, ಮಲೆನಾಡಿನ ಜೂನ್, ಜುಲೈ ಹೇಗಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಇಂಥದ್ದನ್ನು ತೊಳೆದರೆ ನೀರಿನ ಭಾರಕ್ಕೇ ಹರಿಯುತ್ತದೆ. ತೂಗು ಹಾಕಲೂಬಾರದು. ಹಿಂಭಾಗಕ್ಕೆ ಬಟ್ಟೆ ಕೊಟ್ಟು ಕೈಹೊಲಿಗೆಯಲ್ಲಿ ಆಧಾರ ಮಾಡುವುದೇ ದಾರಿ. ಅಂಟು, ರಬ್ಬರ್ ಬಳಿದು ಗಟ್ಟಿ ಮಾಡಿಕೊಡುತ್ತೇವೆ ಅನ್ನುವವರಿಗೆ ಕೊಡಬೇಡಿ. ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ, ಎಳೆಯೂ ಜೊತೆಗೇ ಹೋಗುತ್ತದೆ.

ಸದ್ದಿಲ್ಲ, ಆದರೆ ನೆಲಕ್ಕೆ ಸರಿಯಾಗಿ ಕೂರುತ್ತಿಲ್ಲ, ಅಲೆ ಅಲೆಯಾಗಿದೆ ಅಂದರೆ ಕಾರಣ ಸಣ್ಣದಿರಬಹುದು. ಮಗ್ಗದಲ್ಲೇ ಹಾಸಿನ ಬಿಗಿ ಹೆಚ್ಚುಕಡಿಮೆಯಾಗಿದ್ದರೆ ಹುಟ್ಟಿನಿಂದಲೇ ಅಲೆ ಇರುತ್ತದೆ, ಅದಕ್ಕೆ ಹೊಂದಿಕೊಳ್ಳಬೇಕು. ಒಂದೇ ಕಡೆ ಎದ್ದಿದ್ದರೆ ಅಲ್ಲಿ ಹಳೆಯ ರಫೂ ಬಿಗಿಯಾಗಿದೆಯಾ ನೋಡಿ. ಅಂಚು ಸುರುಳಿಯಾಗುತ್ತಿದ್ದರೆ ಆಮೇಲೆ ಸುತ್ತಿದ ದಾರ ಬಿಗಿಯಾಗಿರುತ್ತದೆ, ಅದನ್ನು ಬಿಚ್ಚಿ ಸಡಿಲವಾಗಿ ಸುತ್ತಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಸ್ತ್ರಿ ಪೆಟ್ಟಿಗೆ ಬೇಡ.

ರಿಪೇರಿಗೆ ಕೊಡುವಾಗ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲೆಲ್ಲಿ ಗಂಟು ತುಂಬಿಸುತ್ತಾರೆ, ಯಾವ ಉಣ್ಣೆ, ಯಾವ ಬಣ್ಣ ಅಂತ ಬರೆಸಿಕೊಳ್ಳಿ. ಹಾನಿ ಹರಡದ ಹಾಗೆ ನಿಲ್ಲಿಸುವ ಕೆಲಸ ಮೊದಲು: ಬಿಚ್ಚುತ್ತಿರುವ ತುದಿ, ಕಿತ್ತ ಅಂಚು, ಸಡಿಲ ಗಂಟು. ಬೋಳಿಗೆ ಪೈಲ್ ತುಂಬಿಸುವ ಮಾತು ಆಮೇಲೆ, ಅದೂ ಬೇಕಾದರೆ ಮಾತ್ರ.